ತಂಗಿಯ ಹೆಸರಿನ ಆಸ್ಪತ್ರೆಗಳು

ಹಳೆಯ ಪುಸ್ತಕ ಕೈಗೆ ಬಂದರೆ ಅರ್ಪಣೆಯ ಪುಟವನ್ನು ಯಾರೂ ನಿಂತು ಓದುವುದಿಲ್ಲ. ದಾಖಲೆಗಳ ಬೆನ್ನು ಹತ್ತಿದವರಿಗೆ ಮಾತ್ರ ಆ ಪುಟ ಬೇಕು. ಇಸಬೆಲ್ಲಾ ಬರ್ಡ್ ಎಂಬ ಇಂಗ್ಲಿಷ್ ಪ್ರವಾಸಿಯ ಎರಡು ಪುಸ್ತಕಗಳ ಅರ್ಪಣೆಗಳನ್ನು ಅಕ್ಕಪಕ್ಕ ಇಟ್ಟಾಗ ನನ್ನ ಹುಡುಕಾಟ ಶುರುವಾಯಿತು. ಅಮೆರಿಕದ ರಾಕಿ ಪರ್ವತಗಳಲ್ಲಿ ಕುದುರೆ ಏರಿ ತಿರುಗಿದ ಕಥೆಯನ್ನು ಆಕೆ 1879ರಲ್ಲಿ ಅಚ್ಚು ಹಾಕಿಸಿದಳು. ಅದರಲ್ಲಿರುವುದೆಲ್ಲ ತಂಗಿಗೆ ಬರೆದ ಪತ್ರಗಳು, ಪುಸ್ತಕ ಸಂದಿರುವುದೂ ತಂಗಿಗೇ. ಮಲಯ ಪ್ರವಾಸದ ಪುಸ್ತಕ ಬಂದದ್ದು 1883ರಲ್ಲಿ. ಅಲ್ಲಿ ಅರ್ಪಣೆ ಒಂದು ಪ್ರೀತಿಯ ನೆನಪಿಗೆ. ಯಾರ ನೆನಪು ಎಂಬುದು ಮುನ್ನುಡಿಗೆ ಬಂದ ಮೇಲೆ ತಿಳಿಯುತ್ತದೆ. ಇದ್ದೊಬ್ಬ ತಂಗಿ ಹೋಗಿಬಿಟ್ಟಳು, ಹಿಂದಿನ ಪುಸ್ತಕಗಳು ಅಚ್ಚಿಗೆ ಹೋಗುವಾಗ ಅವನ್ನು ತಿದ್ದಿ ಒಪ್ಪುತಪ್ಪು ಹೇಳುತ್ತಿದ್ದವಳು ಅವಳೇ, ಈ ಪುಸ್ತಕಕ್ಕೆ ಆ ಕಣ್ಣು ಸಿಗಲಿಲ್ಲ ಎಂದು ಇಸಬೆಲ್ಲಾ ಅಲ್ಲಿ ಹೇಳಿಕೊಂಡಿದ್ದಾಳೆ.

ತಂಗಿಯ ಹೆಸರು ಹೆನ್ರಿಯೆಟ್ಟಾ ಅಮೇಲಿಯಾ ಬರ್ಡ್. ಮನೆಯಲ್ಲಿ ಹೆನ್ನಿ. ಹುಟ್ಟಿದ್ದು 1834, ಅಕ್ಕನಿಗಿಂತ ಮೂರು ವರ್ಷಕ್ಕೆ ಚಿಕ್ಕವಳು. ವಿಶ್ವಕೋಶಗಳು ಅಕ್ಕನಿಗೆ ಪುಟಗಟ್ಟಲೆ ಕೊಡುತ್ತವೆ. ಹವಾಯಿ, ರಾಕಿ ಪರ್ವತ, ಜಪಾನ್, ಮಲಯ, ಲಡಾಖ್, ಪರ್ಷಿಯಾ, ಕೊರಿಯಾ, ಚೀನಾ, ಆಮೇಲೆ 1892ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಮಹಿಳೆಯರನ್ನು ಸೇರಿಸಿಕೊಂಡಾಗ ಮೊದಲ ಸಾಲಿನ ಸದಸ್ಯತ್ವ. ತಂಗಿಗೆ ಸಿಗುವುದು ‘ಪತ್ರಗಳನ್ನು ಪಡೆದವಳು’ ಎಂಬ ಒಂದು ವಾಕ್ಯ. ಹಾಗಿದ್ದರೂ ಈ ತಂಗಿಯ ಹೆಸರು ಪಂಜಾಬಿನ ಅಮೃತಸರದ ಒಂದು ಆಸ್ಪತ್ರೆಗೆ ಇತ್ತು. ಚೀನಾದ ಸಿಚುವಾನ್ ಪ್ರಾಂತ್ಯದ ಪಾವೋನಿಂಗ್ ಊರಿನ ಆಸ್ಪತ್ರೆಗೂ ಇತ್ತು. ಎರಡೂ ಊರುಗಳನ್ನು ಹೆನ್ರಿಯೆಟ್ಟಾ ಕಂಡವಳಲ್ಲ. ಆ ಹೆಸರು ಅಷ್ಟು ದೂರ ಹೋದದ್ದು ಹೇಗೆ ಎಂಬುದು ನನ್ನ ಪ್ರಶ್ನೆ.

ಮೊದಲು ಪತ್ರಗಳು. ಇಸಬೆಲ್ಲಾಳ ಪ್ರಕಾಶಕ ಲಂಡನ್ನಿನ ಜಾನ್ ಮರ್ರೆ. ಬೈರನ್, ಡಾರ್ವಿನ್ ಅವರ ಪುಸ್ತಕಗಳನ್ನು ಹೊರತಂದ ಆ ಮನೆತನದ ಕಾಗದಪತ್ರಗಳೆಲ್ಲ ಈಗ ಎಡಿನ್‌ಬರೋದ ಸ್ಕಾಟ್ಲೆಂಡ್ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಅಕ್ಕ ತಂಗಿಗೆ ಬರೆದ ಪತ್ರಗಳೂ ಅಲ್ಲೇ. 2002ರಲ್ಲಿ ಕೇ ಚಬ್ಬಕ್ ಅವುಗಳಲ್ಲಿ ಹಲವನ್ನು ಸಂಪಾದಿಸಿ ಪ್ರಕಟಿಸಿದ ಮೇಲೆ ದೂರದ ಊರಿನಲ್ಲಿರುವ ನನ್ನಂಥವರಿಗೂ ಮೂಲಪಾಠ ಓದುವ ಅವಕಾಶ ಸಿಕ್ಕಿತು. ಅಚ್ಚಾದ ಪ್ರವಾಸಕಥನವನ್ನು ಒಂದು ಕಡೆ, ಈ ಪತ್ರಗಳನ್ನು ಇನ್ನೊಂದು ಕಡೆ ಇಟ್ಟು ಓದಿದರೆ ಅಕ್ಕತಂಗಿಯರ ಸಲುಗೆ ಎಷ್ಟಿತ್ತು ಎಂಬುದು ಗೊತ್ತಾಗುತ್ತದೆ. 1873ರಲ್ಲಿ ಕೊಲರಾಡೊದ ಲಾಂಗ್ಸ್ ಪೀಕ್ ಏರಲು ಇಸಬೆಲ್ಲಾಳಿಗೆ ದಾರಿ ತೋರಿಸಿದವನು ಜಿಮ್ ನ್ಯೂಜೆಂಟ್. ಕರಡಿಯ ದಾಳಿಗೆ ಒಂದು ಕಣ್ಣು ಕಳೆದುಕೊಂಡಿದ್ದ ಬೇಟೆಗಾರ, ಕುಡುಕ, ಬಾಯಿ ತೆರೆದರೆ ಕವಿತೆ. ಅವನು ತನ್ನಲ್ಲಿ ಪ್ರೇಮ ನಿವೇದಿಸಿಕೊಂಡದ್ದನ್ನೂ ತನ್ನ ಮನಸ್ಸು ಹೊಯ್ದಾಡಿದ್ದನ್ನೂ ಆಕೆ ತಂಗಿಗೆ ಮುಚ್ಚುಮರೆಯಿಲ್ಲದೆ ಬರೆದಳು. ಪುಸ್ತಕದಲ್ಲಿ ಅದರ ಬಹುಪಾಲು ಮಾಯ. ಲೋಕದ ಮುಂದೆ ಆಡಲಾಗದ್ದನ್ನು ಆಡಲು ಆಕೆಗೆ ಇದ್ದದ್ದು ಒಂದೇ ಜಾಗ.

ಆದರೆ ಈ ಕಡತದಲ್ಲಿ ನಮಗೆ ಕೇಳಿಸುವುದು ಒಂದೇ ದನಿ. ತಂಗಿ ಏನು ಬರೆದಳೆಂಬುದನ್ನು ಅಕ್ಕನ ಉತ್ತರಗಳಿಂದಲೇ ಊಹಿಸಿಕೊಳ್ಳಬೇಕು. ಹವಾಯಿಯಲ್ಲಿ ಅಕ್ಕ ಮೈಮರೆತು ಸುಖವಾಗಿದ್ದಾಗ, ನಾನೂ ಬರಲೇ ಎಂಬರ್ಥದ ಮಾತು ಹೆನ್ರಿಯೆಟ್ಟಾಳ ಕಡೆಯಿಂದ ಬಂದಿತ್ತು. ಅಕ್ಕ ಅದಕ್ಕೆ ಉತ್ಸಾಹ ತೋರಲಿಲ್ಲ. ಈ ಒಂದು ವಿವರದ ಬಳಿ ನಾನು ಬಹಳ ಹೊತ್ತು ನಿಂತೆ. ಮನೆಯಲ್ಲಿದ್ದಷ್ಟು ದಿನ ಇಸಬೆಲ್ಲಾಳಿಗೆ ಬೆನ್ನುನೋವು, ನಿದ್ರಾಹೀನತೆ, ಮಂಕು. ಹದಿನೆಂಟರ ಸುಮಾರಿಗೆ ಬೆನ್ನುಹುರಿಯ ಬಳಿ ಬೆಳೆದಿದ್ದ ಗಡ್ಡೆ ತೆಗೆಸಿದ್ದಳು, ಆಮೇಲೆ ದೇಹ ಪೂರ್ತಿ ಸುಧಾರಿಸಲೇ ಇಲ್ಲ. ಹಡಗು ಹತ್ತಿದರೆ ಅದೇ ಮೈ ಜ್ವಾಲಾಮುಖಿಯ ಅಂಚಿನವರೆಗೆ ಹೋಗಿ ಬರುತ್ತಿತ್ತು. ತಂಗಿ ಬಂದರೆ ಮನೆಯೇ ಹಿಂದೆ ಬಂದಂತೆ. ತಂಗಿ ಮನೆಯಲ್ಲಿದ್ದರೆ ಮಾತ್ರ ಬರೆಯಲು ಒಂದು ವಿಳಾಸ, ಮರಳಲು ಒಂದು ಬಾಗಿಲು. ಒಬ್ಬಳ ತಿರುಗಾಟಕ್ಕೆ ಇನ್ನೊಬ್ಬಳ ನಿಲುಗಡೆ ಆಧಾರವಾಗಿತ್ತು. ಅದರ ಬೆಲೆ ಅಕ್ಕನಿಗೆ ತಿಳಿದದ್ದು ತಡವಾಗಿ ಎಂದೇ ನಾನು ಈ ಪತ್ರಗಳನ್ನು ಓದಿಕೊಂಡಿದ್ದೇನೆ.

ಹಾಗಾದರೆ ಹೆನ್ರಿಯೆಟ್ಟಾ ಮನೆಯಲ್ಲಿ ಕೂತು ಏನು ಮಾಡುತ್ತಿದ್ದಳು? ಇದಕ್ಕೆ ಸಿಗುವ ಮುಖ್ಯ ಆಕರ ಅನ್ನಾ ಸ್ಟೊಡಾರ್ಟ್ 1906ರಲ್ಲಿ ಬರೆದ ಇಸಬೆಲ್ಲಾಳ ಜೀವನಚರಿತ್ರೆ. ಸ್ಟೊಡಾರ್ಟ್ ಕುಟುಂಬದ ಸ್ನೇಹಿತೆ, ಬರವಣಿಗೆಯಲ್ಲಿ ಭಕ್ತಿ ಜಾಸ್ತಿ. ಭಕ್ತಿಯ ಪದರ ಸರಿಸಿ ನೋಡಿದರೂ ಉಳಿಯುವ ಸಂಗತಿ ಇಷ್ಟು. ತಂದೆ 1858ರಲ್ಲಿ, ತಾಯಿ 1866ರಲ್ಲಿ ತೀರಿಕೊಂಡ ಮೇಲೆ ಹೆನ್ರಿಯೆಟ್ಟಾ ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಮಲ್ ದ್ವೀಪದ ಟೋಬರ್ಮೋರಿ ಎಂಬ ಬಂದರಿನ ಊರಿನಲ್ಲಿ ಚಿಕ್ಕ ಮನೆ ಮಾಡಿದಳು. ಮೀನುಗಾರರು, ಸಣ್ಣ ಹಿಡುವಳಿದಾರರು ಇರುವ ಊರು, ಬಡತನದ ಊರು. ಕಾಯಿಲೆ ಬಿದ್ದವರ ಮನೆಗೆ ಹೋಗಿ ಅವರ ಹಾಸಿಗೆಯ ಪಕ್ಕ ಕೂರುವುದು, ಹೆಂಗಸರಿಗೆ, ಮಕ್ಕಳಿಗೆ ಬೇಕಾದ್ದನ್ನು ಗಮನಿಸುವುದು ಅವಳ ದಿನಚರಿ. ದ್ವೀಪದ ಜನ ಅವಳನ್ನು ಕರೆಯುತ್ತಿದ್ದ ಹೆಸರಿನಲ್ಲೇ ಪುಣ್ಯವಂತೆ ಎಂಬ ಭಾವವಿತ್ತು. 1880ರ ಬೇಸಗೆಯ ಹೊತ್ತಿಗೆ ಅವಳೇ ವಿಷಮಶೀತಜ್ವರದಿಂದ ಮಲಗಿದಳು. ಅಕ್ಕ ಆಗ ಏಷ್ಯಾದಿಂದ ಮರಳಿ ಬಂದಿದ್ದಳು, ವಾರಗಟ್ಟಲೆ ಪಕ್ಕದಲ್ಲೇ ಇದ್ದು ಶುಶ್ರೂಷೆ ಮಾಡಿದಳು. ಚಿಕಿತ್ಸೆ ಕೊಟ್ಟವರು ಎಡಿನ್‌ಬರೋದ ವೈದ್ಯ ಜಾನ್ ಬಿಷಪ್. ಜೂನ್ 4ರಂದು ಹೆನ್ರಿಯೆಟ್ಟಾ ತೀರಿಕೊಂಡಳು. ವಯಸ್ಸು ನಲವತ್ತಾರು ತುಂಬಿರಲಿಲ್ಲ ಅಥವಾ ಆಗಷ್ಟೇ ತುಂಬಿತ್ತು.

ಮುಂದಿನ ವರ್ಷ, 1881ರ ಮಾರ್ಚ್ 8ರಂದು, ಇಸಬೆಲ್ಲಾ ಅದೇ ವೈದ್ಯನನ್ನು ಮದುವೆಯಾದಳು. ಆಕೆಗೆ ಆಗ ನಲವತ್ತೊಂಬತ್ತು. ಉಟ್ಟಿದ್ದು ತಂಗಿಯ ಶೋಕದ ಕಪ್ಪು ಉಡುಪು. ಮದುವೆಯ ದಿನವೂ ಅದನ್ನು ಬಿಡಲಿಲ್ಲ.

ಇಲ್ಲಿಂದ ಮುಂದೆ ಹುಡುಕುವವರಿಗೆ ಒಂದು ತೊಡಕು ಎದುರಾಗುತ್ತದೆ. 1881ರ ನಂತರ ಆಕೆ ಮಿಸೆಸ್ ಬಿಷಪ್. ಭಾರತದ ಮಿಷನ್ ವರದಿಗಳ ಸ್ಕ್ಯಾನ್ ಪ್ರತಿಗಳಲ್ಲಿ ‘ಬರ್ಡ್’ ಎಂದು ಹುಡುಕಿದರೆ ಆಕೆ ಸಿಗುವುದಿಲ್ಲ. ‘ಬಿಷಪ್’ ಎಂದು ಹುಡುಕಿದರೆ ಲಾಹೋರಿನಿಂದ ಹಿಡಿದು ಮದ್ರಾಸಿನವರೆಗಿನ ಚರ್ಚಿನ ಬಿಷಪ್ಪರೆಲ್ಲ ಸಾಲಾಗಿ ಬಂದು ನಿಲ್ಲುತ್ತಾರೆ. ಇಷ್ಟು ಸಾಲದು ಎಂಬಂತೆ 1890ರ ದಶಕದ ಚರ್ಚ್ ಮಿಷನರಿ ಸೊಸೈಟಿಯ ವರದಿಗಳಲ್ಲಿ ‘ಮಿಸ್ ಬರ್ಡ್’ ಎಂದು ಬರುವವಳು ಪರ್ಷಿಯಾದಲ್ಲಿ ರೋಗಿಗಳ ಸೇವೆ ಮಾಡುತ್ತಿದ್ದ ಮೇರಿ ಬರ್ಡ್, ಇಸಬೆಲ್ಲಾಳ ಬಂಧುವೇ ಆದ ಬೇರೊಬ್ಬಳು. ಆದ್ದರಿಂದ ಹೆಸರನ್ನು ಬಿಟ್ಟು ಊರನ್ನೂ ವರ್ಷವನ್ನೂ ಹಿಡಿದು ಹೋಗಬೇಕು. 1889, ಕಾಶ್ಮೀರ. 1889, ಅಮೃತಸರ. 1896, ಸಿಚುವಾನ್. ಹೀಗೆ ಹೋದರೆ ಒಂದೊಂದಾಗಿ ಗಂಟು ಬಿಚ್ಚಿಕೊಳ್ಳುತ್ತದೆ.

ಆದರೆ 1880ಕ್ಕೂ 1889ಕ್ಕೂ ನಡುವಿನ ವರ್ಷಗಳನ್ನು ಜಿಗಿದುಬಿಟ್ಟರೆ ಆಸ್ಪತ್ರೆಗಳ ಅರ್ಥ ತಿಳಿಯುವುದಿಲ್ಲ. ನನ್ನ ಮಟ್ಟಿಗೆ ಇಡೀ ಕಥೆಯ ಜೀವ ಇರುವುದು ಇಲ್ಲೇ. ಇಸಬೆಲ್ಲಾ ಟೋಬರ್ಮೋರಿಯ ಮನೆಯನ್ನು ಬಿಡಲಿಲ್ಲ. ತಂಗಿ ಮಾಡುತ್ತಿದ್ದ ಕೆಲಸವನ್ನು ಅದೇ ಊರಿನಲ್ಲಿ ತಾನು ಮುಂದುವರಿಸಲು ನೋಡಿದಳು, ಊರಿನವರಿಗೆ ತರಗತಿ ನಡೆಸಿದಳು, ಮನೆಮನೆಗೆ ಹೋದಳು. ದ್ವೀಪದ ಮಳೆಚಳಿಯಲ್ಲಿ ಒಂದೇ ಕಡೆ ನಿಂತು ಬದುಕುವ ಶಕ್ತಿ ತಂಗಿಗೆ ಇದ್ದಂತೆ ಆಕೆಗೆ ಇರಲಿಲ್ಲ. 1886ರ ಮಾರ್ಚ್ 6ರಂದು ಗಂಡನೂ ತೀರಿಕೊಂಡ. ವಿದೇಶಿ ನಾವಿಕನೊಬ್ಬನಿಗೆ ಶಸ್ತ್ರಚಿಕಿತ್ಸೆ ಮಾಡುವಾಗ ಅಂಟಿದ ಸೋಂಕಿನಿಂದ ಅವನು ಮತ್ತೆ ಚೇತರಿಸಿಕೊಳ್ಳಲಿಲ್ಲ. ಅವನ ಗುರು ಜೋಸೆಫ್ ಲಿಸ್ಟರ್ ಸ್ವತಃ ರಕ್ತಪೂರಣ ಮಾಡಿದರೂ ಫಲವಾಗಲಿಲ್ಲ. ಐದು ದಾಂಪತ್ಯ ವರ್ಷಗಳಲ್ಲಿ ಹೆಚ್ಚಿನವು ಕಾಯಿಲೆಯಲ್ಲೇ ಕಳೆದಿದ್ದವು. ಆಮೇಲೆ ಈ ಹೆಂಗಸು ಮಾಡಿದ್ದೇನು? ಐವತ್ತು ದಾಟಿದ, ಹೆಸರಾಂತ ಲೇಖಕಿ, ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಗೆ ಹೋಗಿ ಶುಶ್ರೂಷೆ ಕಲಿತಳು. ಗಾಯಕ್ಕೆ ಪಟ್ಟಿ ಕಟ್ಟುವುದು, ರೋಗಿಯನ್ನು ಹೊರಳಿಸುವುದು, ಮೈ ಒರೆಸುವುದು. ತಂಗಿ ಟೋಬರ್ಮೋರಿಯ ಗುಡಿಸಲುಗಳಲ್ಲಿ ಮಾಡಿದ್ದೂ ಸುಮಾರಿಗೆ ಇದನ್ನೇ.

ಅಲ್ಲಿಯವರೆಗೆ ಮಿಷನರಿಗಳೆಂದರೆ ಇಸಬೆಲ್ಲಾಳಿಗೆ ಅಷ್ಟಕ್ಕಷ್ಟೆ. ಹಿಂದಿನ ಪ್ರವಾಸಗಳಲ್ಲಿ ಅವರ ಠಾಣೆಗಳಿಂದ ದೂರವೇ ಉಳಿದಿದ್ದಳು. 1889ರಲ್ಲಿ ಭಾರತಕ್ಕೆ ಬಂದದ್ದು ಮಾತ್ರ ಮಿಷನ್ ಆಸ್ಪತ್ರೆಗಳನ್ನು ನೋಡುತ್ತ, ಎಲ್ಲಿ ಕಟ್ಟಬಹುದು ಎಂದು ಹುಡುಕುತ್ತ. ಉತ್ತರ ಭಾರತದ ಪರದೆಯ ಮನೆಗಳಲ್ಲಿ ಹೆಂಗಸರು ಗಂಡು ವೈದ್ಯರಿಗೆ ಮೈ ತೋರಿಸುವಂತಿರಲಿಲ್ಲ. ಹೆರಿಗೆ ಕಷ್ಟವಾದರೂ, ಜ್ವರ ಏರಿದರೂ ಒಳಕೋಣೆಯಲ್ಲೇ ಸಾಯಬೇಕು. ವೈಸ್‌ರಾಯ್ ಪತ್ನಿ ಲೇಡಿ ಡಫರಿನ್ 1885ರಲ್ಲಿ ನಿಧಿ ಕಟ್ಟಿದ್ದೂ ಇದೇ ಕಾರಣಕ್ಕೆ. ಶ್ರೀನಗರದಲ್ಲಿ ಆಗ ಫ್ಯಾನಿ ಬಟ್ಲರ್ ಎಂಬ ವೈದ್ಯೆ ಹಿಂದಿನ ವರ್ಷವಷ್ಟೇ ಹೆಂಗಸರಿಗಾಗಿ ಔಷಧಾಲಯ ತೆರೆದಿದ್ದಳು. ಲಂಡನ್ನಿನಲ್ಲಿ ಹೆಂಗಸರಿಗೆ ವೈದ್ಯಶಿಕ್ಷಣ ಕೊಡುವ ಕಾಲೇಜು 1874ರಲ್ಲಿ ಶುರುವಾದಾಗ ಸೇರಿದ ಮೊದಲ ತಂಡದವಳು ಈಕೆ, 1880ರಲ್ಲೇ ಭಾರತಕ್ಕೆ ಬಂದವಳು. ಪರದೇಶದವರು ಶ್ರೀನಗರ ಪಟ್ಟಣದೊಳಗೆ ವಾಸಿಸುವಂತಿರಲಿಲ್ಲ. ಹಾಗಾಗಿ ಬಟ್ಲರ್ ಹೊರಗಿನಿಂದ ದಿನವೂ ಬಂದು ಹೋಗಬೇಕಿತ್ತು. ಇಸಬೆಲ್ಲಾ ಹಣ ಕೊಟ್ಟಳು, ಮಹಾರಾಜ ಪ್ರತಾಪ ಸಿಂಗ್ ಜಾಗ ಕೊಟ್ಟ, ಗಂಡನ ಹೆಸರಿನಲ್ಲಿ ಜಾನ್ ಬಿಷಪ್ ಸ್ಮಾರಕ ಆಸ್ಪತ್ರೆ ಎದ್ದಿತು. ಕಟ್ಟಡ ಮುಗಿಯುವುದನ್ನು ನೋಡಲು ಬಟ್ಲರ್ ಉಳಿಯಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಆಮಶಂಕೆಯಿಂದ ತೀರಿಕೊಂಡಳು, ವಯಸ್ಸು ಮೂವತ್ತೊಂಬತ್ತು. ಆ ಮೊದಲ ಕಟ್ಟಡವನ್ನು ನೆರೆ ಕೊಚ್ಚಿತು. ಅದೇ ಹೆಸರಿನ ಆಸ್ಪತ್ರೆ ಮುಂದೆ ಅನಂತನಾಗ್‌ನಲ್ಲಿ ಎದ್ದು ಇಂದಿಗೂ ಇದೆ.

ಗಂಡನ ಹೆಸರಿಗೆ ಕಾಶ್ಮೀರ, ತಂಗಿಯ ಹೆಸರಿಗೆ ಅಮೃತಸರ. ಹೆನ್ರಿಯೆಟ್ಟಾ ಬರ್ಡ್ ಆಸ್ಪತ್ರೆಯೂ ಹೆಂಗಸರದ್ದೇ.

ಒಡಹುಟ್ಟಿದವರ ಹೆಸರಿನಲ್ಲಿ ಆಸ್ಪತ್ರೆ ಕಟ್ಟಿಸುವುದು ನಮ್ಮಲ್ಲಿ ಹೊಸದಲ್ಲ. ಮೈಸೂರಿನ ಕೆ.ಆರ್.ಎಸ್. ರಸ್ತೆಯ ಕ್ಷಯರೋಗ ಆಸ್ಪತ್ರೆಗೆ ನಾಲ್ವಡಿ ಕೃಷ್ಣರಾಜ ಒಡೆಯರ್ ಇಟ್ಟದ್ದು ತಮ್ಮ ಸೋದರಿ ಕೃಷ್ಣಾಜಮ್ಮಣ್ಣಿಯವರ ಹೆಸರು. ಆ ರಾಜಕುಮಾರಿಯನ್ನು ಒಯ್ದದ್ದು ಕ್ಷಯವೇ. ಯಾವ ರೋಗ ತನ್ನವರನ್ನು ಕಿತ್ತುಕೊಂಡಿತೋ ಅದರ ವಿರುದ್ಧವೇ ನಿಲ್ಲುವ ದಾರಿ ಅದು, ಸಾವಿಗೆ ಕೊಟ್ಟ ನೇರ ಉತ್ತರ. ಇಸಬೆಲ್ಲಾ ಹಿಡಿದದ್ದು ಬೇರೆ ದಾರಿ. ವಿಷಮಶೀತಜ್ವರಕ್ಕೆಂದೇ ಆಕೆ ಏನನ್ನೂ ಕಟ್ಟಲಿಲ್ಲ. ತಂಗಿ ಹೇಗೆ ಸತ್ತಳು ಎಂಬುದಕ್ಕಿಂತ ಹೇಗೆ ಬದುಕಿದ್ದಳು ಎಂಬುದು ಆಕೆಯನ್ನು ಹಿಡಿದಿತ್ತು. ಬಡ ಹೆಂಗಸಿನ ಹಾಸಿಗೆಯ ಪಕ್ಕ ಇನ್ನೊಬ್ಬ ಹೆಂಗಸು ಕೂರುವುದು ಹೆನ್ರಿಯೆಟ್ಟಾಳ ಕಸುಬು. ಅಕ್ಕನಿಗೆ ಒಂದು ಊರಿನಲ್ಲಿ ನೆಲೆ ನಿಲ್ಲುವುದು ಆಗಲಿಲ್ಲ, ಹಾಗಾಗಿ ತಾನು ತಿರುಗುವ ದಾರಿಯುದ್ದಕ್ಕೂ ಬೇರೆಯವರು ನೆಲೆ ನಿಂತು ಆ ಕೆಲಸ ಮಾಡಲು ಜಾಗ ಮಾಡಿಕೊಟ್ಟಳು. ದಾಖಲೆಗಳು ನನ್ನನ್ನು ಕರೆದೊಯ್ದು ನಿಲ್ಲಿಸಿದ್ದು ಈ ತಿಳಿವಳಿಕೆಗೆ. ಇಸಬೆಲ್ಲಾ ಎಲ್ಲೂ ಇದನ್ನು ಇಷ್ಟು ಬಿಡಿಸಿ ಹೇಳಿಲ್ಲ. ಆದರೆ ಟೋಬರ್ಮೋರಿ, ಸೇಂಟ್ ಮೇರೀಸ್, ಅಮೃತಸರ ಎಂದು ವರ್ಷಗಳನ್ನು ಕ್ರಮವಾಗಿ ಇಟ್ಟು ನೋಡಿದರೆ ಬೇರೆ ಅರ್ಥ ಹೊರಡುವುದು ಕಷ್ಟ.

ಈ ಸೇವೆಗೆ ಒಂದು ಮಗ್ಗುಲಿದೆ, ಅದನ್ನು ಬಿಟ್ಟು ಹೋಗಬಾರದು. ಮಿಷನ್ ಆಸ್ಪತ್ರೆಗಳಲ್ಲಿ ಔಷಧಿಯ ಜೊತೆಗೆ ಧರ್ಮಬೋಧೆಯೂ ನಡೆಯುತ್ತಿತ್ತು. 1893ರಲ್ಲಿ ಲಂಡನ್ನಿನ ಎಕ್ಸೆಟರ್ ಹಾಲ್‌ನಲ್ಲಿ ಇಸಬೆಲ್ಲಾ ಮಾಡಿದ ಭಾಷಣ ಬಹಳ ಪ್ರಸಿದ್ಧವಾಯಿತು, ವೈದ್ಯಕೀಯ ಮಿಷನ್‌ಗಳಿಗೆ ಬೆಂಬಲ ಹೆಚ್ಚಲು ಅದು ನೆರವಾಯಿತು. ಅದರಲ್ಲಿ ಏಷ್ಯಾದ ಧರ್ಮಗಳ ಬಗ್ಗೆ ಆಡಿದ ಮಾತುಗಳು ಒರಟು, ಅನ್ಯಾಯದವು. ಪರದೆಯ ಮನೆಗಳಲ್ಲಿ ತಾನು ಕಂಡ ಸಂಕಟವನ್ನು ಇಡೀ ಖಂಡದ ಸ್ವಭಾವವೆಂಬಂತೆ ಆಕೆ ವರ್ಣಿಸಿದಳು. ಅದನ್ನು ಓದುವಾಗ ನನಗೆ ನೋವಾಗುತ್ತದೆ. ಆದರೆ ಅದೇ ಮನೆಗಳ ಹೆಂಗಸರು ಆ ಆಸ್ಪತ್ರೆಯ ಬಾಗಿಲಿಗೆ ಬಂದದ್ದೂ, ಅಲ್ಲಿ ಅವರನ್ನು ಮುಟ್ಟಿ ನೋಡುವ ವೈದ್ಯೆ ಇದ್ದದ್ದೂ ಅಷ್ಟೇ ದಿಟ. ಎರಡನ್ನೂ ಬರೆದಿಡುವುದು ನನ್ನ ಕೆಲಸ.

ಚೀನಾದ ಎಳೆ ಚಿಕ್ಕದು, ಆದರೆ ಗಟ್ಟಿ. 1896ರಲ್ಲಿ, ಅರವತ್ತನಾಲ್ಕರ ವಯಸ್ಸಿನಲ್ಲಿ, ಆಕೆ ಯಾಂಗ್ಜೆ ನದಿಯ ಮೇಲುದಾರಿ ಹಿಡಿದು ಸಿಚುವಾನ್ ಒಳನಾಡಿಗೆ ಹೋದಳು. ಲಿಯಾಂಗ್‌ಷಾನ್ ಎಂಬಲ್ಲಿ ರೊಚ್ಚಿಗೆದ್ದ ಜನ ಆಕೆ ಇಳಿದಿದ್ದ ಮನೆಗೆ ಬೆಂಕಿ ಇಡಲು ಬಂದರು, ಸೈನಿಕರು ಬಂದು ಬಿಡಿಸಿದರು. ಇನ್ನೊಂದು ಕಡೆ ತಲೆಗೆ ಕಲ್ಲು ಬಿದ್ದು ಪ್ರಜ್ಞೆ ತಪ್ಪಿತು. ಇಷ್ಟಾದರೂ ಪಾವೋನಿಂಗ್ ತಲುಪಿ, ಅಲ್ಲಿ ಚೀನಾ ಇನ್‌ಲ್ಯಾಂಡ್ ಮಿಷನ್‌ನ ಬಿಷಪ್ ವಿಲಿಯಂ ಕ್ಯಾಸೆಲ್ಸ್ ನಡೆಸುತ್ತಿದ್ದ ಕೆಲಸ ನೋಡಿ, ತಂಗಿಯ ಹೆಸರಿನ ಆಸ್ಪತ್ರೆಗೆ ಹಣ ಕೊಟ್ಟಳು. ಆ ಊರಿಗೆ ಈಗ ಲಾಂಗ್‌ಝೊಂಗ್ ಎನ್ನುತ್ತಾರೆ. ಹಳೆಯ ಹೆಸರು ಗೊತ್ತಿಲ್ಲದೆ ಇಂದಿನ ಭೂಪಟದಲ್ಲಿ ಹುಡುಕಿದರೆ ಹೆನ್ರಿಯೆಟ್ಟಾಳ ಜಾಡು ಅಲ್ಲಿಗೇ ಕಡಿದುಹೋಗುತ್ತದೆ.

ಟೋಬರ್ಮೋರಿಯಲ್ಲೇ ತಂಗಿಯ ಸ್ಮಾರಕವೊಂದು ನಿಂತಿದೆ. ಬಂದರಿನ ಬೀದಿಯಲ್ಲಿ, ನೀರಿನ ಅಂಚಿಗೆ, ಕಲ್ಲಿನ ಗಡಿಯಾರ ಗೋಪುರ. ಇಸಬೆಲ್ಲಾ 1904ರ ಅಕ್ಟೋಬರ್ 7ರಂದು ಎಡಿನ್‌ಬರೋದಲ್ಲಿ ತೀರಿಕೊಂಡಳು. ಆಕೆ ಬಿಟ್ಟುಹೋದ ಹಣದಿಂದ ಗೋಪುರ ಎದ್ದದ್ದು 1905ರಲ್ಲಿ. ಬಣ್ಣಬಣ್ಣದ ಮನೆಗಳ ಸಾಲಿನ ಮುಂದೆ ಅದು ಊರಿನ ಗುರುತೇ ಆಗಿಬಿಟ್ಟಿದೆ. ಪ್ರವಾಸಿಗರು ಅದರ ಚಿತ್ರ ತೆಗೆಯುತ್ತಾರೆ, ಅದರ ಮೇಲಿನ ಹೆಸರು ಓದುವವರು ಎಷ್ಟು ಮಂದಿಯೋ. ನನಗಂತೂ ಗೋಪುರಕ್ಕಿಂತ ಆಸ್ಪತ್ರೆಗಳೇ ಹೆನ್ರಿಯೆಟ್ಟಾಳಿಗೆ ಹೆಚ್ಚು ಒಪ್ಪುವ ಸ್ಮಾರಕ ಎನಿಸುತ್ತದೆ, ಕಲ್ಲಿಗಿಂತ ಬೇಗ ಅವು ಹೆಸರು ಕಳೆದುಕೊಂಡರೂ.

ಹುಡುಕಾಟದ ಕೊನೆಗೆ ನಾನು ಮತ್ತೆ ಪುಸ್ತಕಗಳ ಒಳರಚನೆಯನ್ನು ನೋಡಿದೆ. ಹವಾಯಿ, ರಾಕಿ, ಜಪಾನ್, ಮಲಯ, ನಾಲ್ಕೂ ಪತ್ರಗಳ ರೂಪದಲ್ಲಿವೆ. ತಂಗಿ ಸತ್ತು ಹನ್ನೊಂದು ವರ್ಷದ ಮೇಲೆ ಬಂದ ಪರ್ಷಿಯಾ ಪುಸ್ತಕದಲ್ಲೂ ಪತ್ರದ ರೂಪ ಉಳಿದಿದೆ, ಆದರೆ ಓದುವವಳು ಇಲ್ಲದ್ದು ಪ್ರತಿ ಪುಟದಲ್ಲೂ ಗೊತ್ತಾಗುತ್ತದೆ. ಮೊದಲಿನ ಪತ್ರಗಳ ತುಂಟತನ, ಜಂಬ, ಅಕ್ಕನ ಕೀಟಲೆ ಅಲ್ಲಿಲ್ಲ. ಮಾಹಿತಿ ಹೆಚ್ಚು, ದಾರಿಯ ಲೆಕ್ಕ ಹೆಚ್ಚು. 1898ರ ಕೊರಿಯಾ ಪುಸ್ತಕಕ್ಕೆ ಬರುವ ಹೊತ್ತಿಗೆ ಪತ್ರ ಹೋಗಿ ಅಧ್ಯಾಯಗಳು ಬಂದಿವೆ. ವಿಮರ್ಶಕರು ಇದನ್ನು ಲೇಖಕಿ ಮಾಗಿದ್ದಕ್ಕೆ, ರಾಜಕೀಯದ ಕಡೆ ಹೊರಳಿದ್ದಕ್ಕೆ ಸಾಕ್ಷಿಯೆನ್ನಬಹುದು. ಅದೂ ನಿಜವೇ. ಆದರೆ ಮಲಯ ಪುಸ್ತಕದ ಮುನ್ನುಡಿಯಲ್ಲಿ ಇಸಬೆಲ್ಲಾ ತಾನೇ ತಂಗಿಯ ತಿದ್ದುವ ಕೈಯನ್ನು ನೆನೆದು ಕೊರಗಿರುವಾಗ, ಆ ಮೊದಲಿನ ಪುಸ್ತಕಗಳ ಸಂಪಾದಕಿಯೆಂದು ಹೆನ್ರಿಯೆಟ್ಟಾ ಬರ್ಡ್ ಹೆಸರನ್ನು ಗ್ರಂಥಸೂಚಿಗಳು ಯಾಕೆ ಸೇರಿಸಬಾರದು? ನಾನು ಸಿದ್ಧಪಡಿಸುತ್ತಿರುವ ಸೂಚಿಯಲ್ಲಿ ಆ ಹೆಸರನ್ನು ಸೇರಿಸಿದ್ದೇನೆ.